ಕೋವಿಯಿಲ್ಲದ ಸಿಪಾಯಿ

‘ಕಿರಿದು’ ಎಂಬ ಗುಣವಾಚಕವು ‘ಕಿರು’ ಎಂದು ಮೊಟಕಾಗಿ ‘ಕಾವಲು’ ಎಂಬ ಪದದೊಡನೆ ಸೇರಿದರೆ ಕಕಾರಕ್ಕೆ ಗಕಾರವು ಆದೇಶವಾಗಿ ‘ಕಿರುಗಾವಲು’ ಎಂದಾಗುತ್ತದೆ. ಆದೇಶಸಂಧಿಯ ಪಾಠಕ್ಕೆ ಮಳೆಗಾಲ, ಬೆಟ್ಟದಾವರೆಗಳು ತಲೆಮಾರುಗಳಿಂದ ದುಡಿಯುತ್ತ ಬಂದಿರುವುದರಿಂದ ಮಳವಳ್ಳಿ ತಾಲ್ಲೂಕಿನ ಈ ಹೋಬಳಿಯ ಊರಿಗೆ ವ್ಯಾಕರಣದಲ್ಲಿ ಸಲ್ಲಬೇಕಾದ ಗೌರವ ಸಂದಿಲ್ಲವೆಂದೇ ಹೇಳಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಕಾವಲು ಎಂದರೆ ದನ ಮೇಯುವ ಹುಲ್ಲುಗಾವಲೂ ಹೌದು, ಪಹರೆಯೂ ಹೌದು. ಊರಿಗೆ ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದುದು ಹುಲ್ಲೋ ಕತ್ತಿಯೋ, ಅದನ್ನು ಹೆಸರಿಟ್ಟವರೇ ಹೇಳಬೇಕು. ಆದರೆ ಅಂಗೈಯಲ್ಲಿ ಅಡಗುವಷ್ಟು ಪುಟ್ಟದಾದ ಆಟಿಕೆಯ ಸಿಪಾಯಿಗೆ ಕನ್ನಡದಲ್ಲಿ ಒಂದು ಹೆಸರು ಬೇಕೆಂದರೆ, ಇದಕ್ಕಿಂತ ಒಪ್ಪುವ ಪದವನ್ನು ಕಿಟ್ಟೆಲರ ಕೋಶವನ್ನು ಮೊದಲಿನಿಂದ ಕಡೆಯವರೆಗೆ ತಿರುವಿದರೂ ಕಾಣುವುದು ಕಷ್ಟ.

ಅಂಥ ಕಿರುಗಾವಲಿನವನೊಬ್ಬನ ಸಮಾಚಾರವಿದು. ಅವನ ಎತ್ತರ ಸುಮಾರು ನಾಲ್ಕು ಸೆಂಟಿಮೀಟರು. ಮೈ ಪ್ಲಾಸ್ಟಿಕ್ಕಿನದು, ಬೂದು ಹಸಿರು ಬಣ್ಣದ ಸಮವಸ್ತ್ರ, ತಲೆಗೆ ಕಿವಿ ಮುಚ್ಚುವ ಉಕ್ಕಿನ ಶಿರಸ್ತ್ರಾಣದ ಅನುಕರಣೆ, ಅದರ ಮೇಲೆ ಬಿಳಿಯ ವೃತ್ತ, ವೃತ್ತದೊಳಗೆ ಕೆಂಪು ಶಿಲುಬೆ. ಎಡತೋಳಿಗೆ ಬಿಳಿಯ ಪಟ್ಟಿ, ಅಲ್ಲಿಯೂ ಕೆಂಪು ಶಿಲುಬೆ. ಹೆಗಲಿಗೆ ಔಷಧದ ಚೀಲ. ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಸೈನ್ಯದ ಶುಶ್ರೂಷಕ ಇವನು. ಜರ್ಮನರು ಇಂಥವನನ್ನು ‘ಸಾನಿಟೇಟರ್’ ಎನ್ನುತ್ತಾರೆ. ಆರೋಗ್ಯವೆಂಬ ಅರ್ಥದ ಲ್ಯಾಟಿನ್ ಮಾತು ಅದರ ಮೂಲ. ನಮ್ಮ ಕಡೆ ಆ ಮೂಲದಿಂದ ಬಂದ ಹೆಸರು ಚರಂಡಿ ನೋಡಲು ಬರುವ ಸ್ಯಾನಿಟರಿ ಇನ್‌ಸ್ಪೆಕ್ಟರಿಗೆ ಸಂದಿತು. ಭಾಷೆಗಳು ಒಂದೇ ಬೀಜವನ್ನು ಎಲ್ಲೆಲ್ಲಿ ಬಿತ್ತುತ್ತವೆ, ನೋಡಿ!

ಈ ಅಳತೆಯ ಪುಟ್ಟ ಮನುಷ್ಯರನ್ನು ಡೆನ್ಮಾರ್ಕಿನ ಲೆಗೋ ಕಂಪನಿಯವರು 1978ರಲ್ಲಿ ಹೊರತಂದರು. ಆದರೆ ಆಧುನಿಕ ಕಾಲದ ನಿಜವಾದ ಯುದ್ಧಗಳನ್ನು ಆಟಿಕೆಯಾಗಿ ಮಾಡಬಾರದೆಂಬುದು ಆ ಕಂಪನಿಯ ನಿಯಮ. ಕಡಲ್ಗಳ್ಳರು, ಮಧ್ಯಯುಗದ ಕತ್ತಿವೀರರು, ಆಕಾಶಯಾನಿಗಳು ಅಲ್ಲಿ ಧಾರಾಳವಾಗಿ ದೊರೆಯುತ್ತಾರೆ. ಹಿಟ್ಲರನ ಕಾಲದ ಸಿಪಾಯಿ ದೊರೆಯುವುದಿಲ್ಲ. ಆ ಕೊರತೆಯನ್ನು ಬೇರೆ ಕಂಪನಿಗಳು ತುಂಬಿಕೊಟ್ಟಿವೆ. ಕೊಳ್ಳುವವರಾರು? ಮಕ್ಕಳೆಂದು ವಾಚಕರು ಊಹಿಸಬಹುದು. ಆದರೆ ಇಂಥ ಬೊಂಬೆಗಳನ್ನು ಕೂಡಿಡುವವರಲ್ಲಿ ಮಕ್ಕಳಿಗಿಂತ ಮಕ್ಕಳ ತಂದೆಯರೇ ಮುಂದು. ಅವರು ಆಡುವುದಿಲ್ಲ, ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿ, ಧೂಳು ಕೂರದಂತೆ ಬಾಗಿಲು ಹಾಕಿ, ಮಕ್ಕಳಿಗೆ ಮುಟ್ಟಕೂಡದೆಂದು ಎಚ್ಚರಿಕೆ ಹೇಳುತ್ತಾರೆ. ಆಟಿಕೆಯ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೆ?

ಕೂಡಿಡುವ ಹವ್ಯಾಸಕ್ಕೆ ಕಿರುಗಾವಲು ಹೊಸದಲ್ಲ. ಊರಿನ ‘ಬಡಾಬಾಗ್’ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು ಇವೆ. ಟಿಪ್ಪು ಸುಲ್ತಾನನ ಕಾಲದಲ್ಲಿ ದೊರೆತ ಭೂಮಿ ಅದೆಂದು ಆ ಮನೆತನದ ಹೇಳಿಕೆ. ಅದೇ ಮನೆತನದ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಸಂಗ್ರಹಿಸಿ, ಒಂದೊಂದನ್ನೂ ಬಿತ್ತಿ ಬೆಳೆದು ಉಳಿಸಿಕೊಂಡು ಬಂದಿರುವುದು ನಾಡಿಗೇ ತಿಳಿದ ಸಂಗತಿ. ಬೀರುವಿನ ಬೊಂಬೆ ನೂರು ವರ್ಷ ಇಟ್ಟರೂ ಬೊಂಬೆಯೇ. ಭತ್ತವನ್ನು ಹಾಗೆ ಇಟ್ಟರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಕೆಸರಿಗಿಳಿಯದೆ ಆ ಸಂಗ್ರಹ ಉಳಿಯದು. ಎರಡು ಹವ್ಯಾಸಗಳಿಗೂ ಒಂದೇ ಹೆಸರು ಸಲ್ಲುವುದು ಸ್ವಲ್ಪ ಅನ್ಯಾಯವೇ ಸರಿ.

ಆಟದ ಸಿಪಾಯಿಗಳಿಗೆ ಜರ್ಮನಿ ತವರುಮನೆ. ನ್ಯೂರೆಂಬರ್ಗ್ ನಗರದಲ್ಲಿ ಹಿಲ್ಪರ್ಟ್ ಎಂಬ ತವರದ ಕಸುಬುದಾರನು 18ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಷ್ಯದ ಫ್ರೆಡರಿಕ್ ದೊರೆಯನ್ನೂ ಅವನ ದಂಡನ್ನೂ ತಗಡಿನಂತೆ ಚಪ್ಪಟೆಯಾದ ಬೊಂಬೆಗಳಾಗಿ ಎರಕ ಹೊಯ್ದನು. ಅಂದಿನಿಂದ ಆ ಊರಿನ ಸಿಪಾಯಿಗಳು ಯುರೋಪಿನ ಮಕ್ಕಳ ಕೋಣೆಗಳನ್ನೆಲ್ಲ ಒಂದು ಗುಂಡೂ ಹಾರಿಸದೆ ಗೆದ್ದರು. 20ನೆಯ ಶತಮಾನದಲ್ಲಿ ‘ಎಲಾಸ್ಟೋಲಿನ್’ ಎಂಬ ಹೆಸರಿನ ಬೊಂಬೆಗಳು ಬಂದುವು. ಮರದ ಹೊಟ್ಟು ಮತ್ತು ಅಂಟನ್ನು ಕಲಸಿ, ತಂತಿಯ ಎಲುಬಿನ ಸುತ್ತ ಅಚ್ಚಿನಲ್ಲಿ ಒತ್ತಿ, ಒಣಗಿಸಿ ಬಣ್ಣ ಬಳಿಯುವುದು ಅದರ ವಿಧಾನ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರದ ಹೊಟ್ಟು, ಗೋಣಿನಾರಿನ ಪುಡಿ, ಹುಣಿಸೆಬೀಜದ ಅಂಟು ಸೇರಿಸಿ ಮಾಡುವ ‘ಕಿಟ್ಟ’ವನ್ನು ಬಲ್ಲವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಕಿನ್ನಾಳದವರು ಆ ಹದದಿಂದ ದೇವತೆಗಳನ್ನು ತಿದ್ದಿದರು. ಜರ್ಮನಿಯವರು ರೆಜಿಮೆಂಟುಗಳನ್ನು ತಿದ್ದಿದರು. ಆ ದಂಡಿನ ಜೊತೆಗೆ ಗಾಯಾಳುವನ್ನು ಹೊರುವ ಇಬ್ಬರು, ಬ್ಯಾಂಡೇಜು ಸುತ್ತುವ ಒಬ್ಬ, ಮಲಗಿ ನರಳುವ ಒಬ್ಬ, ಹೀಗೆ ಆಸ್ಪತ್ರೆಯ ಮಂದಿಯೂ ಪೆಟ್ಟಿಗೆಯಲ್ಲಿ ಬರುತ್ತಿದ್ದರು. ಮಕ್ಕಳ ಯುದ್ಧಕ್ಕೂ ಗಾಯಾಳುಗಳು ಬೇಕೆಂದು ಯೋಚಿಸಿದ ವ್ಯಾಪಾರಿ ಜಾಣನೋ ಕ್ರೂರಿಯೋ ತೀರ್ಮಾನಿಸುವುದು ಸುಲಭವಲ್ಲ.

ಕಿರುಗಾವಲಿಗೆ ಸಮೀಪದ ಬೊಂಬೆಯ ಊರು ಚನ್ನಪಟ್ಟಣ. ಅಲ್ಲಿಯ ಕಸುಬು ಕಡಸಲಿನದು. ಹಾಲೆಮರದ ತುಂಡು ತಿರುಗುತ್ತಿರುವಂತೆಯೇ ಉಳಿ ಹಿಡಿದು ಕಡೆದು, ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ, ಕೇದಗೆಯ ಎಲೆಯಿಂದ ಉಜ್ಜಿ ಹೊಳಪೇರಿಸುತ್ತಾರೆ. ತಿರುಗುವ ಮರದಿಂದ ಹುಟ್ಟುವುದೆಲ್ಲ ಗುಂಡಗಿರಲೇಬೇಕು. ಆದುದರಿಂದ ಚನ್ನಪಟ್ಟಣದ ರಾಜ, ರಾಣಿ, ಮದುವಣಿಗ, ಸಿಪಾಯಿ ಎಲ್ಲರೂ ಒಂದೇ ಮನೆಯ ದಾಯಾದಿಗಳಂತೆ ಕಾಣುತ್ತಾರೆ. ಸಿಪಾಯಿಯ ಕೋವಿ ಎಷ್ಟೋ ವೇಳೆ ಮೈಗೆ ಬಳಿದ ಒಂದು ಗೆರೆ ಮಾತ್ರ. ಯಾವ ಸೈನ್ಯ, ಯಾವ ದೇಶ ಎಂದು ಅವನನ್ನು ಯಾರೂ ಕೇಳುವುದಿಲ್ಲ. ತೋಳುಪಟ್ಟಿಯ ಬೊಂಬೆಗೆ ಆ ಸೌಖ್ಯವಿಲ್ಲ.

ಕಿರುಗಾವಲಿನ ಸುತ್ತಮುತ್ತ ನಿಜವಾದ ಸಿಪಾಯಿಗಳು ಓಡಾಡಿದ ಕಾಲವೂ ಇತ್ತು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕದನವಾಯಿತು. ಟಿಪ್ಪು ಹಿಂದೆಗೆದನು. ಹ್ಯಾರಿಸನು ಶ್ರೀರಂಗಪಟ್ಟಣದ ನೇರ ದಾರಿಯನ್ನು ಬಿಟ್ಟು ಸೋಸಲೆಯ ಬಳಿ ಕಾವೇರಿಯನ್ನು ದಾಟಿದನು. ಮೇ 4ರಂದು ಕೋಟೆ ಬಿತ್ತು; ಸುಲ್ತಾನನು ಕೋಟೆಯೊಳಗೇ ಮಡಿದನು. ಇಷ್ಟು ಶಾಲೆಯ ಪುಸ್ತಕದ ಮಾತು. ಮಳವಳ್ಳಿಯ ಬಯಲಿನಲ್ಲಿ ಆ ಸಂಜೆ ಬಿದ್ದಿದ್ದವರನ್ನು ಎತ್ತಿದವರಾರೆಂಬುದಕ್ಕೆ ಶಾಲೆಯ ಪುಸ್ತಕದಲ್ಲಿ ಸ್ಥಳವಿಲ್ಲ. ಕಂಪನಿಯ ದಂಡುಗಳ ಜೊತೆಯಲ್ಲಿ ಡೋಲಿಗಳೂ ಅವನ್ನು ಹೊರುವ ಬೋಯಿಗಳೂ ಇರುತ್ತಿದ್ದರು. ಅವರ ತೋಳಿಗೆ ಪಟ್ಟಿಯಿರಲಿಲ್ಲ. ಇವರು ಕೊಲ್ಲಲು ಬಂದವರಲ್ಲ, ಇವರ ಮೇಲೆ ಗುಂಡು ಹಾರಿಸಬಾರದು ಎಂದು ಯಾವ ದೊರೆಯೂ ಯಾವ ದೊರೆಯೊಡನೆಯೂ ಲಿಖಿತ ಒಪ್ಪಂದ ಮಾಡಿಕೊಂಡಿರಲಿಲ್ಲ.

ಶ್ರೀರಂಗಪಟ್ಟಣವನ್ನು ಹಿಡಿದವರಿಗೆ ಅರಮನೆಯಲ್ಲಿ ಒಂದು ಆಟಿಕೆ ಸಿಕ್ಕಿತು. ಮರದಲ್ಲಿ ಕೆತ್ತಿ ಬಣ್ಣ ಹಾಕಿದ, ಹೆಚ್ಚುಕಡಮೆ ಆಳೆತ್ತರದ ಹುಲಿ. ಅದರ ಕೆಳಗೆ ಅಂಗಾತ ಬಿದ್ದ ಕೆಂಪು ಅಂಗಿಯ ಐರೋಪ್ಯ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತದೆ, ಅವನ ಬಾಯಿಂದ ನರಳುವ ದನಿ ಬರುತ್ತದೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಹೊಟ್ಟೆಯೊಳಗೆ ಕೀಲಿಮಣೆಯುಳ್ಳ ಒಂದು ಪುಟ್ಟ ಆರ್ಗನ್ ವಾದ್ಯವೂ ಉಂಟು. ಇದನ್ನು ಲಂಡನ್ನಿಗೆ ಸಾಗಿಸಿ 1808ರಲ್ಲಿ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಶತ್ರುವಿನ ನರಳಾಟವನ್ನು ಸಂಗೀತವಾಗಿ ಕೇಳುವ ಆಸೆ ಸುಲ್ತಾನನದು. ತಮ್ಮವನದೇ ನರಳಾಟವನ್ನು ಹಿಡಿ ತಿರುಗಿಸಿ ಕೇಳುವ ಕುತೂಹಲ ಲಂಡನ್ನಿನ ಪೌರರದು. ಎರಡರಲ್ಲಿ ಯಾವುದು ಹೆಚ್ಚು ವಿಚಿತ್ರ? ಆ ಬೊಂಬೆಯಲ್ಲಿ ಹುಲಿಯುಂಟು, ಗಾಯಾಳುವುಂಟು. ಔಷಧದ ಚೀಲದವನು ಮಾತ್ರ ಇಲ್ಲ. ಲೋಕವೇ ಅವನನ್ನು ಆಗಿನ್ನೂ ಕಲ್ಪಿಸಿಕೊಂಡಿರಲಿಲ್ಲ.

ಅವನು ಕಲ್ಪನೆಗೆ ಬಂದುದು ಅರುವತ್ತು ವರ್ಷಗಳ ಮೇಲೆ, ಇಟಲಿಯಲ್ಲಿ. 1859ರ ಜೂನ್ 24ರಂದು ಸಾಲ್ಫೆರಿನೋ ಎಂಬಲ್ಲಿ ಫ್ರಾನ್ಸ್ ಮತ್ತು ಸಾರ್ಡಿನಿಯಗಳ ಸೈನ್ಯಗಳು ಆಸ್ಟ್ರಿಯದ ಸೈನ್ಯದೊಡನೆ ಹೋರಾಡಿದುವು. ಸತ್ತವರು, ಗಾಯಗೊಂಡವರು ಸೇರಿ ಸುಮಾರು 40,000 ಮಂದಿ. ಜಿನೀವದ ಆನ್ರಿ ಡ್ಯುನಾನ್ ಎಂಬ ವ್ಯಾಪಾರಿ ಆ ಕಡೆ ಬಂದಿದ್ದುದು ತನ್ನ ಆಲ್ಜೀರಿಯದ ವ್ಯವಹಾರದ ಬಗ್ಗೆ ಫ್ರಾನ್ಸಿನ ಚಕ್ರವರ್ತಿಗೆ ಅರ್ಜಿ ಸಲ್ಲಿಸಲು. ಅರ್ಜಿ ಜೇಬಿನಲ್ಲೇ ಉಳಿಯಿತು. ನೆರೆಯ ಕಾಸ್ತಿಲ್ಯೋನೆ ಊರಿನ ಹೆಂಗಸರು ಇವನು ನಮ್ಮವನು, ಅವನು ಶತ್ರು ಎಂದು ವಿಂಗಡಿಸದೆ ಎಲ್ಲರ ಬಾಯಿಗೂ ನೀರು ಬಿಡುತ್ತಿದ್ದುದನ್ನು ಅವನು ಕಂಡನು; ತಾನೂ ಅವರೊಡನೆ ಕೈಹಾಕಿದನು. 1862ರಲ್ಲಿ ಅದನ್ನು ಕುರಿತು ಒಂದು ಪುಸ್ತಕ ಬರೆದನು. 1863ರಲ್ಲಿ ಸಮಿತಿ ಹುಟ್ಟಿತು. 1864ರ ಆಗಸ್ಟ್ 22ರಂದು ಹನ್ನೆರಡು ರಾಜ್ಯಗಳು ಜಿನೀವದಲ್ಲಿ ಒಪ್ಪಂದಕ್ಕೆ ಸಹಿಹಾಕಿದುವು. ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿದಾಗ ಬಿಳಿಯ ಮೇಲೆ ಕೆಂಪು ಶಿಲುಬೆ ದೊರೆಯಿತು. ಡ್ಯುನಾನ್ ಮಾತ್ರ ದಿವಾಳಿಯಾಗಿ ಊರು ಬಿಟ್ಟನು. ಬಹುಕಾಲ ಮರೆವಿನಲ್ಲಿದ್ದು 1901ರಲ್ಲಿ ಮೊದಲನೆಯ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಪಾಲು ಪಡೆದನು.

ಈಗ ಬೊಂಬೆಗೆ ಮರಳೋಣ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಗೃಹಸ್ಥರೊಬ್ಬರು ಒಂದು ನವರಾತ್ರಿಗೆ ಸಂಸಾರಸಮೇತ ಕಿರುಗಾವಲಿನ ಹಿರಿಯ ಮನೆಗೆ ಬಂದರು. ಎಂಟು ವರ್ಷದ ಮಗನು ತಂದೆಯ ಬೀರುವಿನ ಆ ಜರ್ಮನಿಯವನನ್ನು ಅಂಗಿಯ ಜೇಬಿನಲ್ಲಿ ಗುಟ್ಟಾಗಿ ತಂದಿದ್ದನು. ನಡುಮನೆಯಲ್ಲಿ ಅಜ್ಜಿ ಏಳು ಮೆಟ್ಟಿಲು ಕಟ್ಟಿ, ಬಿಳಿಯ ಪಂಚೆ ಹಾಸಿ, ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸಿ, ದಿನಸಿ ಹರವಿಕೊಂಡ ಶೆಟ್ಟಿದಂಪತಿಗಳನ್ನು ಕೆಳಗಿನ ಮೆಟ್ಟಿಲಿಗೆ ಇಳಿಸುತ್ತಿದ್ದರು. ಜಂಬೂಸವಾರಿಯ ಸಾಲಿನಲ್ಲಿ ಚನ್ನಪಟ್ಟಣದ ಸಿಪಾಯಿಗಳ ಪಕ್ಕದಲ್ಲಿ ಹುಡುಗನು ತನ್ನವನನ್ನು ನಿಲ್ಲಿಸಿದನು. ಅಜ್ಜಿ ಕನ್ನಡಕವನ್ನು ಸರಿಮಾಡಿಕೊಂಡು ನೋಡಿದರು.

“ಇವನು ಯಾರೋ ಪುಟ್ಟು? ಕಾಂಪೌಂಡರೇ?”

“ಅಲ್ಲ ಅಜ್ಜಿ, ಮಿಲಿಟರಿಯವನು.”

“ಮಿಲಿಟರಿಯವನ ಕೈಯಲ್ಲಿ ಕೋವಿ ಎಲ್ಲಿ? ನಿಮ್ಮ ತಾತನ ಹಾಗೆ ಚೀಲ ಹಾಕಿಕೊಂಡಿದ್ದಾನಲ್ಲ!”

ತಾತನವರು ಸರ್ಕಾರಿ ಔಷಧಾಲಯದಲ್ಲಿ ಕಾಂಪೌಂಡರಾಗಿದ್ದವರು. ರಾತ್ರಿ ಹೊತ್ತು ಹಳ್ಳಿಗಳಿಂದ ಗಾಡಿ ಬಂದರೆ ಅಂಥದೇ ಒಂದು ಚೀಲವನ್ನು ಹೆಗಲಿಗೇರಿಸಿ ಹೊರಡುತ್ತಿದ್ದರು. ಅಜ್ಜಿ ಬೊಂಬೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದರು. ಅಷ್ಟರಲ್ಲಿ ತಂದೆ ಒಳಗೆ ಬಂದು ನೋಡಿ ಗಾಬರಿಯಾದರು.

“ಅಮ್ಮ, ಅದು ಹಿಟ್ಲರನ ಸೈನ್ಯದ್ದು. ದೇವರ ಮುಂದೆ ಬೇಡ.”

“ಹಾಗಾದರೆ ಅದನ್ನು ದುಡ್ಡು ಕೊಟ್ಟು ಏಕಪ್ಪ ತಂದೆ?”

“ಅದು ಸಂಗ್ರಹಕ್ಕೆ, ಅಮ್ಮ. ಇವನು ಕೊಲ್ಲುವವನಲ್ಲ, ಔಷಧ ಹಾಕುವವನು.”

“ಔಷಧ ಹಾಕುವವನಾದರೆ ಇಲ್ಲಿ ಇರಬಹುದಲ್ಲ. ಇಲ್ಲಿ ಇಡಬಾರದವನಾದರೆ ನಿನ್ನ ಬೀರುವಿನಲ್ಲಿ ಏಕಿರಬೇಕು?”

ಎಂಜಿನಿಯರಿಂಗ್ ಪದವೀಧರರಾದ ಮಗನಿಗೆ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಗೆ ಉತ್ತರ ಸುಲಭವೂ ಅಲ್ಲ. ಹುಡುಗನು ಈ ನಡುವೆ ಬೊಂಬೆಯನ್ನು ತಿರುಗಿಸಿ ನೋಡಿ, “ಅಜ್ಜಿ, ಇವನ ಸೊಂಟದಲ್ಲಿ ಪಿಸ್ತೂಲು ಇದೆ!” ಎಂದು ಕೂಗಿದನು. ನಿಜ, ನಡುಪಟ್ಟಿಯಲ್ಲಿ ಒಂದು ಚಿಕ್ಕ ಕಪ್ಪು ಪಿಸ್ತೂಲಿನ ಚೀಲ ಅಚ್ಚಾಗಿತ್ತು. ಅದು ಒಪ್ಪಂದಕ್ಕೆ ವಿರುದ್ಧವೇನೂ ಅಲ್ಲ. ತನ್ನನ್ನೂ ತನ್ನ ಗಾಯಾಳುಗಳನ್ನೂ ರಕ್ಷಿಸಿಕೊಳ್ಳಲು ಶುಶ್ರೂಷಕನು ಆಯುಧ ಇಟ್ಟುಕೊಳ್ಳಬಹುದೆಂದು 1929ರ ಜಿನೀವ ಒಪ್ಪಂದವೇ ಹೇಳುತ್ತದೆ. ಆದರೆ ಅಜ್ಜಿಗೆ ಒಪ್ಪಂದದ ವಿಧಿಗಳನ್ನು ಓದಿ ಹೇಳುವವರಾರು? ಅವರು ಬೊಂಬೆಯನ್ನು ಮತ್ತೆ ಒಂದು ಮೆಟ್ಟಿಲು ಕೆಳಗಿಳಿಸಿದರು.

ಮೆಟ್ಟಿಲು ಏರಿಸಿ ಇಳಿಸಿದ ಅಜ್ಜಿಯ ತೂಗಾಟವೇ ಚರಿತ್ರೆಯದೂ ಆಗಿದೆ. ಬೊಂಬೆಗಳಿಗೆ ಹೆಸರಾದ ಅದೇ ನ್ಯೂರೆಂಬರ್ಗಿನಲ್ಲಿ 1946ರ ಡಿಸೆಂಬರ್ 9ರಂದು ಒಂದು ವಿಚಾರಣೆ ಆರಂಭವಾಯಿತು. ಆಪಾದಿತರು ಇಪ್ಪತ್ತಮೂರು ಮಂದಿ. ಅವರಲ್ಲಿ ಇಪ್ಪತ್ತು ಮಂದಿ ವೈದ್ಯರು. ಸೆರೆಶಿಬಿರಗಳ ಬಂದಿಗಳನ್ನು ಅವರ ಸಮ್ಮತಿಯಿಲ್ಲದೆ ಪ್ರಯೋಗಗಳಿಗೆ ಗುರಿಮಾಡಿದ, ರೋಗಿಗಳನ್ನು ಕೊಲ್ಲಿಸಿದ ಆಪಾದನೆಗಳು ಅವರ ಮೇಲಿದ್ದುವು. 1947ರ ಆಗಸ್ಟ್‌ನಲ್ಲಿ ತೀರ್ಪಾಯಿತು. ಏಳು ಮಂದಿಗೆ ಗಲ್ಲು. ಜರ್ಮನ್ ಸೈನ್ಯದ ವೈದ್ಯಕೀಯ ವಿಭಾಗಕ್ಕೆ ಮುಖ್ಯಸ್ಥನಾಗಿದ್ದ ಹಾಂಡ್‌ಲೋಸರನಿಗೆ ಆಜೀವ ಕಾರಾಗೃಹವಾಸ. ಅದನ್ನು ಮುಂದೆ ಕಡಮೆ ಮಾಡಿದರು. ಎಂದಮೇಲೆ, ತೋಳಿನ ಕೆಂಪು ಶಿಲುಬೆ ಅದನ್ನು ತೊಟ್ಟವನ ಮನಸ್ಸಿಗೆ ಜಾಮೀನಲ್ಲ. ಹಾಗೆಂದು, ಹಿಮದಲ್ಲಿ ತೆವಳಿಕೊಂಡು ಹೋಗಿ ಬಿದ್ದವನನ್ನು ಎಳೆದು ತಂದ ಸಾಮಾನ್ಯ ಚೀಲದಾಳನ್ನೂ ಆ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೆ? ಅವನು ಬದುಕಿಸಿದ ಸಿಪಾಯಿ ಮರುದಿನ ಯಾರನ್ನು ಕೊಂದನೆಂದು ಕೇಳತೊಡಗಿದರೆ ಯಾವ ದೇಶದ ಶುಶ್ರೂಷಕನೂ ತಲೆಯೆತ್ತಿ ನಿಲ್ಲಲಾರನು. ಕೇಳದೆ ಇದ್ದರೆ ಸತ್ತವರಿಗೆ ಅನ್ಯಾಯ. ನಾಲ್ಕು ಸೆಂಟಿಮೀಟರಿನ ಪ್ಲಾಸ್ಟಿಕ್ಕು ಇಷ್ಟು ಭಾರವನ್ನು ಹೊರುವುದಾದರೂ ಹೇಗೆ?

ಬೊಂಬೆ ಮಾಡುವವರು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಸ್ವಸ್ತಿಕದ ಲಾಂಛನವನ್ನು ಜರ್ಮನಿಯ ದಂಡಸಂಹಿತೆಯ 86ಎ ಕಲಮು ನಿಷೇಧಿಸುವುದರಿಂದ ಬೊಂಬೆಯ ಎದೆಯ ಹದ್ದಿನ ಉಗುರುಗಳಲ್ಲಿ ಏನೂ ಇಲ್ಲ. ಅದು ಗಾಳಿಯನ್ನು ಹಿಡಿದುಕೊಂಡು ಹಾರುತ್ತಿದೆ. ಆದರೆ ಕೆಂಪು ಶಿಲುಬೆಯನ್ನು ಎರಡು ಕಡೆ ಢಾಳಾಗಿ ಅಚ್ಚುಹಾಕಿದ್ದಾರೆ. ಅದಕ್ಕೂ ಕಾನೂನುಂಟು. ನಮ್ಮ ದೇಶದ 1960ರ ಜಿನೀವ ಒಪ್ಪಂದಗಳ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಆ ಚಿಹ್ನೆಯನ್ನು ಯಾವ ಉದ್ದೇಶಕ್ಕೂ ಬಳಸುವಂತಿಲ್ಲ. ಔಷಧದ ಅಂಗಡಿಯ ಫಲಕ, ಡಾಕ್ಟರ ಕಾರಿನ ಗಾಜು, ಮಕ್ಕಳ ಆಟದ ಡಾಕ್ಟರ್ ಪೆಟ್ಟಿಗೆ, ಇವೆಲ್ಲವೂ ಆ ಲೆಕ್ಕದಲ್ಲಿ ಅಪರಾಧಿಗಳೇ. ಇರಬೇಕಾದ ಕಳಂಕವನ್ನು ಅಳಿಸಿ, ಇರಬಾರದ ಪದಕವನ್ನು ತೊಡಿಸಿದ ಬೊಂಬೆ ಅದು. ಚರಿತ್ರೆಯ ವಿವರಗಳಲ್ಲಿ ಎಳ್ಳಷ್ಟೂ ತಪ್ಪಿಲ್ಲವೆಂದು ಪೆಟ್ಟಿಗೆಯ ಮೇಲೆ ಹೇಳಿಕೊಳ್ಳುವ ವ್ಯಾಪಾರದಲ್ಲಿ ಇದು ಸಣ್ಣ ತಮಾಷೆಯಲ್ಲ.

ಆ ನವರಾತ್ರಿಯಲ್ಲಿ ಜರ್ಮನಿಯವನಿಗೆ ಕಡೆಗೆ ಸ್ಥಳ ತೋರಿಸಿದವನು ಹುಡುಗನೇ. ಹಳೆಯ ಪೆಟ್ಟಿಗೆಯ ತಳದಲ್ಲಿ ಚನ್ನಪಟ್ಟಣದ ಸಿಪಾಯಿಯೊಬ್ಬನು, ತಳದ ಬಿಲ್ಲೆ ಮುರಿದು ನಿಲ್ಲಲಾರದವನು, ಅರಗೆಲ್ಲ ಉದುರಿ ಬಿಳುಪೇರಿ ಬಿದ್ದಿದ್ದನು. ಅವನನ್ನು ಮೆಟ್ಟಿಲಿನ ಕೆಳಗಡೆ ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಚೀಲದವನನ್ನು ನಿಲ್ಲಿಸಿದನು. ಕಡಸಲಿನ ಸಿಪಾಯಿ ಇವನಿಗಿಂತ ಮೂರು ಪಾಲು ದೊಡ್ಡವನು. ಇರುವೆ ಆನೆಗೆ ಮದ್ದು ಹಾಕಹೊರಟಂತೆ ಕಂಡಿತು. ತಂದೆ ಏನೂ ಹೇಳಲಿಲ್ಲ. ಆರತಿಗೆ ಬಂದ ನೆರೆಮನೆಯ ಹೆಂಗಸರು ಮಾತ್ರ ಅವನನ್ನು ತುಳಿಯದಂತೆ ಸೀರೆಯ ನೆರಿಗೆಯನ್ನು ಎತ್ತಿಕೊಂಡು ದಾಟಬೇಕಾಯಿತು.

ಶ್ರೀರಂಗಪಟ್ಟಣದ ಹುಲಿಯ ಕಥೆ ಅರ್ಧಕ್ಕೆ ನಿಂತಿತ್ತು. ಅದು ಕಂಪನಿಯ ಕಚೇರಿಯಿಂದ ಮುಂದೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿನ ಹೊಡೆತಕ್ಕೆ ಮೇಲಿನ ಛಾವಣಿ ಕುಸಿದು ಅದರ ಮೇಲೆಯೇ ಬಿದ್ದಿತು. ಹುಲಿ ನೂರಾರು ಚೂರುಗಳಾಯಿತು. ಯುದ್ಧ ಮುಗಿದ ಮೇಲೆ ವಸ್ತುಸಂಗ್ರಹಾಲಯದ ಕುಶಲಿಗಳು ಕುಳಿತು, ಒಂದೊಂದು ಚೂರನ್ನೂ ಗುರುತಿಸಿ ಅಂಟಿಸಿ ಕೂಡಿಸಿದರು. 1947ರ ವೇಳೆಗೆ ಅದು ಮತ್ತೆ ಪ್ರದರ್ಶನದಲ್ಲಿತ್ತು. ಹುಲಿಯೂ ಇತ್ತು, ಅದರ ಕೆಳಗೆ ಕೆಂಪು ಅಂಗಿಯವನೂ ಇದ್ದನು. ಅವನು ಈಗಲೂ ಅಲ್ಲಿಯೇ, ಗಾಜಿನ ಪೆಟ್ಟಿಗೆಯೊಳಗೆ ಅಂಗಾತ ಬಿದ್ದಿದ್ದಾನೆ. ಹಿಡಿಯನ್ನು ತಿರುಗಿಸಲು ಪ್ರೇಕ್ಷಕರಿಗೆ ಈಗ ಅವಕಾಶವಿಲ್ಲ.